ಕಾರ್ಡ್ ರದ್ದಾದಾಗ ಉಳಿಯುವ ದುಡ್ಡು ಯಾರದ್ದು?

ಪ್ರಶ್ನೆ: ನಕಲಿ ಫಲಾನುಭವಿಗಳನ್ನು ತೆಗೆದುಹಾಕಿ ಸರ್ಕಾರ ಲಕ್ಷಾಂತರ ಕೋಟಿ ಉಳಿಸಿದೆ ಎಂದು ಪೇಪರ್‌ನಲ್ಲಿ ಓದುತ್ತಿರುತ್ತೇನೆ. ನಮ್ಮೂರಲ್ಲಿ ಕಾರು, ಅಡಿಕೆ ತೋಟ ಇರುವವರ ಬಿಪಿಎಲ್ ಕಾರ್ಡ್ ಹಾಗೇ ಇದೆ. ಪಕ್ಕದ ಮನೆಯ ಅಜ್ಜಿಯ ಕಾರ್ಡ್ ಮಾತ್ರ ಎರಡು ತಿಂಗಳಿಂದ ನಿಂತುಹೋಗಿದೆ. ಈ ಉಳಿತಾಯದ ಲೆಕ್ಕ ನಿಜವೇ? ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆ? ಅಜ್ಜಿಗಾಗಿ ನಾವೇನು ಮಾಡಬಹುದು?
(ತುಮಕೂರು ಜಿಲ್ಲೆಯ ಓದುಗರೊಬ್ಬರು)

ಉತ್ತರ: ಅಜ್ಜಿಯ ವಿಷಯವನ್ನು ನೀವು ಕೊನೆಗೆ ಕೇಳಿದ್ದೀರಿ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಅವರಿಗಾಗಿ ಏನು ಮಾಡಬೇಕು ಅನ್ನುವುದನ್ನು ಈ ಉತ್ತರದ ಕೊನೆಯ ಭಾಗದಲ್ಲಿ ಬರೆದಿದ್ದೇನೆ. ಮನೆಯಲ್ಲಿ ಅಕ್ಕಿ ಮುಗಿದಿದ್ದರೆ ಮೊದಲು ಅದನ್ನೇ ಓದಿ. ಆದರೆ ಅವರ ಕಾರ್ಡ್ ನಿಂತದ್ದಕ್ಕೂ ಪೇಪರ್‌ನಲ್ಲಿ ಬರುವ ಕೋಟಿಗಳಿಗೂ ಸಂಬಂಧ ಇದೆ. ಹಾಗಾಗಿ ಲೆಕ್ಕವನ್ನೂ ಸ್ವಲ್ಪ ನಿಧಾನವಾಗಿ ನೋಡೋಣ. ನಾನು ಮೂವತ್ತು ವರ್ಷ ಸರ್ಕಾರಿ ಲೆಕ್ಕ ತಪಾಸಣೆಯಲ್ಲಿದ್ದವನು. ಯಾವುದೇ ಮೊತ್ತ ಕಣ್ಣಿಗೆ ಬಿದ್ದರೂ ವೋಚರ್ ಎಲ್ಲಿ ಎಂದು ಕೇಳುವ ಅಭ್ಯಾಸ ಇನ್ನೂ ಹೋಗಿಲ್ಲ.

ನೀವು ಓದಿದ ದೊಡ್ಡ ಸಂಖ್ಯೆ ಬಹುಶಃ 3.48 ಲಕ್ಷ ಕೋಟಿ ರೂಪಾಯಿ. ಫಲಾನುಭವಿಗಳ ಖಾತೆಗೆ ನೇರವಾಗಿ ದುಡ್ಡು ಹಾಕುವ ಪದ್ಧತಿ, ಅಂದರೆ ಡಿಬಿಟಿ, 2013ರ ಜನವರಿಯಲ್ಲಿ ಶುರುವಾಯಿತು. ಅದರಿಂದ ಇಷ್ಟು ವರ್ಷಗಳಲ್ಲಿ ಒಟ್ಟು ಇಷ್ಟು ಉಳಿಯಿತು ಎಂದು 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಒಂದು ವರದಿಯನ್ನು ಮುಂದಿಟ್ಟು ಹೇಳಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, 1.85 ಲಕ್ಷ ಕೋಟಿ, ಪಡಿತರದ ಲೆಕ್ಕ. ಉದ್ಯೋಗ ಖಾತ್ರಿಯದ್ದು 42,534 ಕೋಟಿ. ಪಿಎಂ-ಕಿಸಾನ್‌ದು 22,106 ಕೋಟಿ.

ಈ ದುಡ್ಡನ್ನು ಯಾರೂ ಖಜಾನೆಯಲ್ಲಿ ಎಣಿಸಿ ನೋಡಿಲ್ಲ. ಇದು ಅಂದಾಜು. ಪಟ್ಟಿಯಿಂದ ಎಷ್ಟು ಹೆಸರು ತೆಗೆದಿದ್ದೇವೆ, ಒಂದು ಹೆಸರಿಗೆ ವರ್ಷಕ್ಕೆ ಎಷ್ಟು ಹೋಗುತ್ತಿತ್ತು, ಎರಡನ್ನೂ ಗುಣಿಸು. ಇಂಥ ಅಂದಾಜುಗಳ ಹಿಂದೆ ಸಾಮಾನ್ಯವಾಗಿ ಇರುವುದು ಈ ಗುಣಾಕಾರವೇ. ಅಂದಾಜು ಮಾಡುವುದು ತಪ್ಪಲ್ಲ. ನನ್ನ ಕೆಲಸದಲ್ಲೂ ದಿನಾ ಮಾಡುತ್ತಿದ್ದೆವು. ಆದರೆ ಈ ಗುಣಾಕಾರದೊಳಗೆ ಒಂದು ಊಹೆ ಅಡಗಿದೆ. ತೆಗೆದ ಪ್ರತಿಯೊಂದು ಹೆಸರೂ ನಕಲಿ, ಪ್ರತಿಯೊಬ್ಬರೂ ಪೂರ್ತಿ ಸೌಲಭ್ಯ ಪಡೆಯುತ್ತಿದ್ದರು ಎಂದು ಮೊದಲೇ ಒಪ್ಪಿಕೊಂಡರೆ ಮಾತ್ರ ಉತ್ತರ ಸರಿ ಬರುತ್ತದೆ.

ಗ್ಯಾಸ್ ಸಿಲಿಂಡರ್ ಉದಾಹರಣೆ ತೆಗೆದುಕೊಳ್ಳಿ, ಇದು ನಿಮ್ಮ ಜಿಲ್ಲೆಯದ್ದೇ ಕಥೆ. ಸಿಲಿಂಡರ್ ಸಬ್ಸಿಡಿಯನ್ನು ಬ್ಯಾಂಕ್ ಖಾತೆಗೆ ಹಾಕುವ ಯೋಜನೆ 2013ರ ಜೂನ್ 1ರಂದು ದೇಶದ ಕೆಲವೇ ಜಿಲ್ಲೆಗಳಲ್ಲಿ ಶುರುವಾಯಿತು. ಆ ಮೊದಲ ಪಟ್ಟಿಯಲ್ಲಿ ತುಮಕೂರು ಇತ್ತು. ಜನರಿಗೆ ತೊಂದರೆ ಆಯಿತೆಂದು 2014ರಲ್ಲಿ ಅದನ್ನು ನಿಲ್ಲಿಸಿದರು. ಆಮೇಲೆ ‘ಪಹಲ್’ ಎಂಬ ಹೆಸರಿನಲ್ಲಿ 2014ರ ನವೆಂಬರ್‌ನಿಂದ ಮತ್ತೆ ತಂದು, 2015ರ ಜನವರಿ 1ರಿಂದ ಇಡೀ ದೇಶಕ್ಕೆ ಹಬ್ಬಿಸಿದರು. ಒಂದೇ ಹೆಸರಿನಲ್ಲಿ ಎರಡು ಮೂರು ಕನೆಕ್ಷನ್ ಇದ್ದದ್ದು, ಸತ್ತವರ ಹೆಸರಿನಲ್ಲಿ ಸಿಲಿಂಡರ್ ಎತ್ತುತ್ತಿದ್ದದ್ದು, ಮನೆಯ ಸಿಲಿಂಡರ್ ಹೋಟೆಲ್‌ಗೆ ಹೋಗುತ್ತಿದ್ದದ್ದು ಎಲ್ಲರಿಗೂ ಗೊತ್ತಿದ್ದ ವಿಷಯ. ಯೋಜನೆಯ ಉದ್ದೇಶದಲ್ಲಿ ನನಗೆ ಯಾವ ತಕರಾರೂ ಇಲ್ಲ.

2015-16ರಲ್ಲಿ ಇದರಿಂದ 9,211 ಕೋಟಿ ಉಳಿಯುತ್ತದೆ ಎಂದು ಅಂದಾಜು ಮಾಡಿದ್ದರು. ಲೆಕ್ಕಪತ್ರ ತಪಾಸಣೆ ಮಾಡುವ ಸಿಎಜಿ 2016ರ ವರದಿಯಲ್ಲಿ ಆ ಅಂದಾಜನ್ನು ಬಿಚ್ಚಿ ನೋಡಿತು. ತೆಗೆದುಹಾಕಿದ ಪ್ರತಿ ಗ್ರಾಹಕರೂ ವರ್ಷಕ್ಕೆ 12 ಸಿಲಿಂಡರ್ ತೆಗೆದುಕೊಳ್ಳುತ್ತಿದ್ದರು ಎಂದು ಹಿಡಿದಿದ್ದರು. ದೇಶದ ನಿಜವಾದ ಸರಾಸರಿ ಬಳಕೆ ಒಬ್ಬ ಗ್ರಾಹಕರಿಗೆ 6.27 ಸಿಲಿಂಡರ್. ಅದೊಂದನ್ನು ಸರಿ ಮಾಡಿದ ಕೂಡಲೇ 9,211 ಕೋಟಿ ಇಳಿದು 4,813 ಕೋಟಿ ಆಯಿತು. ಒಂದು ಅಂಕಿ ಬದಲಾಯಿಸಿದ್ದಕ್ಕೆ ಅರ್ಧ ಉಳಿತಾಯ ಮಾಯ.

ಅದೇ ವರದಿಯಲ್ಲಿ ಇನ್ನೊಂದು ಲೆಕ್ಕ ಇದೆ. 2014ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಸಬ್ಸಿಡಿ ಖರ್ಚಿಗೆ ಹೋಲಿಸಿದರೆ 2015ರ ಅದೇ ತಿಂಗಳುಗಳಲ್ಲಿ 23,316 ಕೋಟಿ ಕಡಿಮೆ ಖರ್ಚಾಗಿತ್ತು. ನೋಡಿದ ತಕ್ಷಣ ದೊಡ್ಡ ಉಳಿತಾಯ ಅನ್ನಿಸುತ್ತದೆ, ಅಲ್ವಾ? ಅದರಲ್ಲಿ 21,552 ಕೋಟಿ ಕಡಿಮೆಯಾದದ್ದು ವಿದೇಶದ ಮಾರುಕಟ್ಟೆಯಲ್ಲಿ ಗ್ಯಾಸ್ ಬೆಲೆ ಬಿದ್ದದ್ದರಿಂದ. ಆ ಹೊತ್ತಿಗೆ ಕಚ್ಚಾ ತೈಲವೂ ನೆಲ ಕಚ್ಚಿತ್ತು. ಜನ ಕಡಿಮೆ ಸಿಲಿಂಡರ್ ಎತ್ತಿದ್ದರಿಂದ ಉಳಿದದ್ದು ಸುಮಾರು 1,764 ಕೋಟಿ. ಅದರೊಳಗೂ ಒಂದು ಪಾಲು ತಾವಾಗಿಯೇ ಸಬ್ಸಿಡಿ ಬಿಟ್ಟುಕೊಟ್ಟವರದ್ದು. 1,764 ಕೋಟಿ ಸಣ್ಣ ದುಡ್ಡೇನಲ್ಲ. ಅಷ್ಟನ್ನೇ ಹೇಳಿದ್ದರೂ ಯೋಜನೆಗೆ ಗೌರವ ಇರುತ್ತಿತ್ತು.

ಈಗ ಪಡಿತರಕ್ಕೆ ಬರೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಒಂದೊಂದು ರಾಜ್ಯಕ್ಕೆ ಇಷ್ಟು ಜನ ಎಂದು ಮಿತಿ ಹಾಕಿದೆ. ದೇಶಕ್ಕೆ ಸುಮಾರು 81 ಕೋಟಿ, ಕರ್ನಾಟಕಕ್ಕೆ 4.01 ಕೋಟಿ. ಅದೂ 2011ರ ಜನಗಣತಿ ಇಟ್ಟುಕೊಂಡು ಮಾಡಿದ್ದು. ಈ ಮಿತಿಯೊಳಗಿನ ಒಂದು ನಕಲಿ ಕಾರ್ಡ್ ತೆಗೆದರೆ ಆ ಜಾಗ ಖಾಲಿಯಾಗುತ್ತದೆ, ಅದಕ್ಕೆ ಕಾಯುತ್ತಿರುವ ಇನ್ನೊಂದು ಕುಟುಂಬ ಬರಬೇಕು. ಹಾಗೆ ಬಂದರೆ ಕೇಂದ್ರದ ಅಕ್ಕಿ ಒಂದು ಕಿಲೋ ಕೂಡ ಕಡಿಮೆಯಾಗುವುದಿಲ್ಲ, ಖರ್ಚೂ ಉಳಿಯುವುದಿಲ್ಲ. ಬೇಡದವರ ಮನೆಗೆ ಹೋಗುತ್ತಿದ್ದ ಅಕ್ಕಿ ಬೇಕಾದವರ ಮನೆಗೆ ಹೋಗುತ್ತದೆ. ಅದು ಒಳ್ಳೆಯದೇ, ಬಹಳ ಒಳ್ಳೆಯದು. ಆದರೆ ಅದನ್ನು ಉಳಿತಾಯ ಎಂದು ಕರೆಯಲು ಬರುವುದಿಲ್ಲ. ಖಾಲಿ ಜಾಗ ತುಂಬದೆ ಹಾಗೇ ಬಿಟ್ಟರೆ ಮಾತ್ರ ಉಳಿತಾಯ. ಆಗ ಹೊಸ ಕಾರ್ಡ್‌ಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರ ಹೊಟ್ಟೆಯಿಂದ ಆ ದುಡ್ಡು ಬಂತು ಎಂದೇ ಅರ್ಥ. ರಾಜ್ಯ ತನ್ನ ಸ್ವಂತ ದುಡ್ಡಿನಲ್ಲಿ ಮಿತಿಗಿಂತ ಹೆಚ್ಚು ಜನರಿಗೆ ಕೊಡುವ ಕಡೆ ಮಾತ್ರ ಕಾರ್ಡ್ ಕಡಿಮೆಯಾದರೆ ಬಜೆಟ್‌ನಲ್ಲಿ ನಿಜವಾಗಿಯೂ ದುಡ್ಡು ಉಳಿಯುತ್ತದೆ.

ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಿರಿ. ಬೇರೆ ಪೆಟ್ಟಿಗೆಗೆ ಎಲ್ಲಿಗೂ ಹೋಗುವುದಿಲ್ಲ. ಖರ್ಚಾಗದ ದುಡ್ಡು ಒಟ್ಟು ಖಜಾನೆಯಲ್ಲೇ ಇರುತ್ತದೆ, ರಸ್ತೆಗೂ ಹೋಗಬಹುದು, ಸಾಲದ ಬಡ್ಡಿಗೂ ಹೋಗಬಹುದು. ನಕಲಿಗಳಿಂದ ಉಳಿದದ್ದು ಬಡವರಿಗೇ ವಾಪಸ್ ಹೋಗಬೇಕು ಎಂಬ ನಿಯಮ ಇಲ್ಲ. ಇನ್ನು ಈಗಾಗಲೇ ಕೊಟ್ಟುಬಿಟ್ಟ ದುಡ್ಡು ವಾಪಸ್ ಬರುವುದು ಬಹಳ ಕಡಿಮೆ. ಪಿಎಂ-ಕಿಸಾನ್‌ನಲ್ಲಿ ಉಳಿತಾಯ ಎಂದು ತೋರಿಸಿದ್ದು 22,106 ಕೋಟಿ ಎಂದೆನಲ್ಲ, ಅನರ್ಹರಿಂದ ನಿಜವಾಗಿ ವಸೂಲಾಗಿ ಬಂದದ್ದು ದೇಶಕ್ಕೆಲ್ಲ ಸೇರಿ ಕೆಲವು ನೂರು ಕೋಟಿ.

ಅಜ್ಜಿಯ ಕಾರ್ಡ್ ಯಾಕೆ ನಿಂತಿತು, ಕಾರು ಇರುವವರದ್ದು ಯಾಕೆ ನಿಲ್ಲಲಿಲ್ಲ? ಊರಲ್ಲಿ ಇದನ್ನು ಎಲ್ಲರೂ ಪಕ್ಷಪಾತ ಅನ್ನುತ್ತಾರೆ. ಕೆಲವು ಕಡೆ ಇದ್ದರೂ ಇರಬಹುದು. ಆದರೆ ದೊಡ್ಡ ಕಾರಣ ಬೇರೆ. ಕಂಪ್ಯೂಟರ್‌ಗೆ ಕಾಣುವುದು ಹೆಸರು, ಹುಟ್ಟಿದ ದಿನಾಂಕ, ಬೆರಳಚ್ಚು, ಆಧಾರ್ ನಂಬರ್. ಆಧಾರ್‌ನಲ್ಲಿ ಒಂದು ಹೆಸರು, ಕಾರ್ಡ್‌ನಲ್ಲಿ ಇನ್ನೊಂದು ಇದ್ದರೆ ಅದು ತಕ್ಷಣ ಹಿಡಿಯುತ್ತದೆ. ಹೆಬ್ಬೆಟ್ಟು ಸವೆದು ಇ-ಕೆವೈಸಿ, ಅಂದರೆ ಆಧಾರ್ ಜೊತೆ ಗುರುತು ತಾಳೆ ನೋಡುವುದು, ಆಗದಿದ್ದರೆ ಹಿಡಿಯುತ್ತದೆ. ಸಿರಿತನ ಅದಕ್ಕೆ ಅಷ್ಟು ಸುಲಭವಾಗಿ ಕಾಣುವುದಿಲ್ಲ. ನಮ್ಮ ರಾಜ್ಯದ ನಿಯಮದ ಪ್ರಕಾರ ವರ್ಷಕ್ಕೆ 1.20 ಲಕ್ಷಕ್ಕಿಂತ ಜಾಸ್ತಿ ಆದಾಯ, 3 ಹೆಕ್ಟೇರ್‌ಗಿಂತ ಜಾಸ್ತಿ ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ, ಸ್ವಂತಕ್ಕೆ ನಾಲ್ಕು ಚಕ್ರದ ಗಾಡಿ ಇದ್ದವರಿಗೆ ಬಿಪಿಎಲ್ ಇಲ್ಲ. ಆದರೆ ಅಡಿಕೆಯ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ತೆರಿಗೆ ಪಟ್ಟಿಯಲ್ಲಿ ತೋಟದವರ ಹೆಸರೇ ಬರುವುದಿಲ್ಲ. ಜಮೀನು ಮಕ್ಕಳ ಹೆಸರಿಗೆ ಪಾಲಾಗಿರುತ್ತದೆ. ಕಾರು ಮಗನದ್ದು, ಮಗ ಬೇರೆ ಕಾರ್ಡ್‌ನಲ್ಲಿ. ಕಾಗದದಲ್ಲಿ ಎಲ್ಲ ಸರಿ. ಅದನ್ನು ಹಿಡಿಯಬೇಕಾದರೆ ಯಾರಾದರೂ ಮನೆ ಬಾಗಿಲಿಗೆ ಬಂದು ನೋಡಬೇಕು.

2024ರ ನವೆಂಬರ್‌ನಲ್ಲಿ ಕರ್ನಾಟಕದಲ್ಲಿ ಆದದ್ದು ನಿಮಗೆ ನೆನಪಿರಬಹುದು. ಅನರ್ಹರ ಬಿಪಿಎಲ್ ಕಾರ್ಡ್ ತೆಗೆಯಲು ಹೊರಟಾಗ ಅರ್ಹರ ಕಾರ್ಡ್‌ಗಳೂ ಎಪಿಎಲ್ ಆಗಿಬಿಟ್ಟವು ಎಂದು ರಾಜ್ಯವೆಲ್ಲ ಗಲಾಟೆಯಾಯಿತು. ಕೊನೆಗೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿ ಕೊಡುವುದಾಗಿ ಸರ್ಕಾರ ಹೇಳಿತು. ತಪ್ಪು ಒಪ್ಪಿ ತಿದ್ದಿಕೊಂಡದ್ದು ಒಳ್ಳೆಯದಾಯಿತು. ಆದರೆ ಮೊದಲು ತೆಗೆದು ಆಮೇಲೆ ಪರಿಶೀಲಿಸುವ ಕ್ರಮ ತಿರುವುಮುರುವು. ಮೊದಲು ನೋಟಿಸ್, ಉತ್ತರ ಕೊಡಲು ಸಮಯ, ಅಗತ್ಯವಿದ್ದರೆ ಮನೆ ಭೇಟಿ. ಇದೆಲ್ಲ ಆದ ಮೇಲೆ ತಾನೇ ರದ್ದು?

ಹೀಗೆ ತೆಗೆದಾಗ ಎಷ್ಟು ನಕಲಿ, ಎಷ್ಟು ಅಸಲಿ ಎಂದು ಯಾರಾದರೂ ಹೋಗಿ ನೋಡಿದ್ದಾರೆಯೇ? ಜಾರ್ಖಂಡ್‌ನಲ್ಲಿ ನೋಡಿದ್ದಾರೆ. ಅಲ್ಲಿ 2017ರಲ್ಲಿ 11 ಲಕ್ಷಕ್ಕೂ ಜಾಸ್ತಿ ನಕಲಿ ಕಾರ್ಡ್ ರದ್ದು ಮಾಡಿದ್ದೇವೆ ಎಂದು ಸರ್ಕಾರ ಸಾಧನೆಯ ಪಟ್ಟಿಯಲ್ಲಿ ಹಾಕಿಕೊಂಡಿತು. ಆಮೇಲೆ ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್ತಂಕರ್ ಎಂಬ ಅರ್ಥಶಾಸ್ತ್ರಜ್ಞರು 10 ಜಿಲ್ಲೆಗಳಲ್ಲಿ ಅಧ್ಯಯನ ಮಾಡಿದರು. ರದ್ದಾದ ಕಾರ್ಡ್‌ಗಳಲ್ಲಿ ಕೆಲವನ್ನು ಆರಿಸಿ ಆ ವಿಳಾಸ ಹುಡುಕಿಕೊಂಡು ಹೋದಾಗ ನೂರಕ್ಕೆ 88ರಷ್ಟು ಕಡೆ ನಿಜವಾದ ಕುಟುಂಬ ಸಿಕ್ಕಿತು. ಅವರಲ್ಲಿ ಕೆಲವರು ಅನರ್ಹರಿರಬಹುದು. ಆದರೆ ಇಲ್ಲದವರ ಹೆಸರಿನ ಕಾರ್ಡ್‌ಗಳಂತೂ ಅಲ್ಲ. ಅದೇ ಅಧ್ಯಯನ ಇನ್ನೊಂದು ವಿಷಯ ಹೇಳಿತು. ಬೆರಳಚ್ಚು ಯಂತ್ರ ತಂದ ಮೇಲೆ ಮೊದಲ ಹಂತದಲ್ಲಿ ಸೋರಿಕೆ ಕಡಿಮೆಯಾಗಲೇ ಇಲ್ಲ. ಆಧಾರ್ ಜೋಡಣೆಯಾಗದ ಮನೆಗಳಿಗೆ ಸಿಗುತ್ತಿದ್ದದ್ದು ಸರಾಸರಿ ನೂರಕ್ಕೆ 10ರಷ್ಟು ಕಡಿಮೆಯಾಯಿತು. ಆಮೇಲೆ ಯಂತ್ರದ ಲೆಕ್ಕ ನೋಡಿ ಅಂಗಡಿಗೆ ಕಳಿಸುವ ಧಾನ್ಯವನ್ನೇ ಕಡಿಮೆ ಮಾಡಿದರು. ಆಗ ಸರ್ಕಾರದ ಖರ್ಚು ನಿಜವಾಗಿಯೂ ಇಳಿಯಿತು. ಆದರೆ ಇಳಿದ ಪ್ರತಿ 100 ರೂಪಾಯಿಯಲ್ಲಿ 22ರಿಂದ 34 ರೂಪಾಯಿ ನಿಜವಾದ ಫಲಾನುಭವಿಗಳ ಪಾಲಿನದ್ದು.

ಇಂಥ ಒಂದು ತಪ್ಪಿಗೆ ಒಂದು ಮನೆ ಏನೆಲ್ಲ ಅನುಭವಿಸುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ಸೋದರತ್ತೆಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿತ್ತು, ತಿಂಗಳಿಗೆ 1,200 ರೂಪಾಯಿ. ಒಂದು ಸಲ ಇದ್ದಕ್ಕಿದ್ದಂತೆ ನಿಂತಿತು. ಕಚೇರಿಯಲ್ಲಿ ಕೇಳಿದರೆ ಬ್ಯಾಂಕಿಗೆ ಹೋಗಿ ಎಂದರು. ಬ್ಯಾಂಕಿನಲ್ಲಿ ಕೇಳಿದರೆ ಆಧಾರ್ ಕೇಂದ್ರಕ್ಕೆ ಹೋಗಿ ಎಂದರು. ಆಧಾರ್‌ನಲ್ಲಿ ಅವರ ಹೆಸರಿನ ಜೊತೆ ನನ್ನ ಮಾವನ ಹೆಸರು ಸೇರಿತ್ತು, ಪಾಸ್‌ಬುಕ್‌ನಲ್ಲಿ ಇರಲಿಲ್ಲ. ಇಷ್ಟೇ ವ್ಯತ್ಯಾಸ. ಅದನ್ನು ಸರಿಪಡಿಸಲು ಏಳು ತಿಂಗಳು ಹಿಡಿಯಿತು. ಎಪ್ಪತ್ತೆಂಟು ವರ್ಷದವರು ಬೆಳಗಿನ ಬಸ್ ಹತ್ತಿ ಹೋಗಿ, ಸರ್ವರ್ ಇಲ್ಲ ಎಂದು ಕೇಳಿಸಿಕೊಂಡು, ಸಂಜೆ ಬಸ್‌ಗೆ ವಾಪಸ್ ಬರುತ್ತಿದ್ದರು. ಜೊತೆಗೆ ಹೋಗುವವರ ಕೂಲಿಯೂ ತಪ್ಪುತ್ತಿತ್ತು. ಕೊನೆಗೆ ಪಿಂಚಣಿ ಶುರುವಾಯಿತು, ಆದರೆ ಏಳು ತಿಂಗಳ 8,400 ರೂಪಾಯಿ ಬರಲೇ ಇಲ್ಲ. ಸರ್ಕಾರಿ ಲೆಕ್ಕ ನೋಡಿಕೊಂಡೇ ಜೀವನ ಕಳೆದ ನನಗೂ ಅದನ್ನು ಕೊಡಿಸಲು ಆಗಲಿಲ್ಲ. ಕಾಗದದ ಮೇಲೆ ಆ 8,400 ಖರ್ಚಾಗದ ದುಡ್ಡು, ಉಳಿತಾಯದ ಹಾಗೇ ಕಾಣುತ್ತದೆ. ಅತ್ತೆ ಆ ತಿಂಗಳುಗಳಲ್ಲಿ ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಂಡರು ಎಂಬುದನ್ನು ಬರೆಯಲು ಲೆಕ್ಕದ ಪುಸ್ತಕದಲ್ಲಿ ಕಾಲಂ ಇಲ್ಲ.

ಇಷ್ಟೆಲ್ಲ ಬರೆದದ್ದಕ್ಕೆ ನಾನು ತಪಾಸಣೆಯೇ ಬೇಡ ಅನ್ನುತ್ತಿದ್ದೇನೆ ಎಂದುಕೊಳ್ಳಬೇಡಿ. ಮೋಸ ಇದೆ. ಬೇಕಾದಷ್ಟು ಇದೆ. ನಮ್ಮ ರಾಜ್ಯದಲ್ಲೇ ಒಂದು ಕಾಲಕ್ಕೆ ಇದ್ದ ಕುಟುಂಬಗಳಿಗಿಂತ ಕಾರ್ಡ್ ಜಾಸ್ತಿ ಎಂಬ ಮಾತಿತ್ತು. 2011ರ ಸುಮಾರಿಗೆ ಕಾರ್ಡ್‌ಗೂ ಗ್ಯಾಸ್‌ಗೂ ಕರೆಂಟ್ ಬಿಲ್ಲಿನ ಆರ್.ಆರ್. ನಂಬರ್ ಜೋಡಿಸಿ ಎಂದು ಹೇಳಿದ್ದು ಅದಕ್ಕೇ. ಒಂದೇ ಮನೆಗೆ ಎಷ್ಟು ಕಾರ್ಡ್ ಎಂದು ಹಿಡಿಯಲು ಅದೊಂದು ಜಾಣ ಉಪಾಯ. ಒಂದೇ ಮೀಟರ್‌ನಲ್ಲಿ ಮೂರು ಬಾಡಿಗೆ ಸಂಸಾರ ಇದ್ದ ಕಡೆ ಮಾತ್ರ ಪಾಪ, ಎಲ್ಲರೂ ಒದ್ದಾಡಿದರು.

ಚೆನ್ನಾಗಿ ಮಾಡಿದರೆ ತಪಾಸಣೆ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಪಕ್ಕದ ಆಂಧ್ರವೇ ಸಾಕ್ಷಿ. ಅವಿಭಜಿತ ಆಂಧ್ರದಲ್ಲಿ ಉದ್ಯೋಗ ಖಾತ್ರಿ ಕೂಲಿ ಮತ್ತು ಪಿಂಚಣಿಗೆ ಸ್ಮಾರ್ಟ್ ಕಾರ್ಡ್ ತಂದಾಗ ಇದೇ ಮೂವರು ಅರ್ಥಶಾಸ್ತ್ರಜ್ಞರು ಅದನ್ನೂ ಅಳೆದು ನೋಡಿದರು. ಅಲ್ಲಿ ಸೋರಿಕೆ ಚೆನ್ನಾಗಿಯೇ ಕಡಿಮೆಯಾಯಿತು. ಕೂಲಿ ಬೇಗ ಕೈಗೆ ಬಂತು. ಬಹುಪಾಲು ಜನ ಹಳೆಯದಕ್ಕಿಂತ ಇದೇ ಚೆನ್ನಾಗಿದೆ ಎಂದರು. ಯಂತ್ರವೇ ಮಾಡಿದ್ದಾದರೆ ಜಾರ್ಖಂಡ್‌ನಲ್ಲೂ ಆಗಬೇಕಿತ್ತಲ್ಲ? ವ್ಯತ್ಯಾಸ ಏನೆಂದರೆ, ಆಂಧ್ರದಲ್ಲಿ ಬೆರಳಚ್ಚು ತಾಳೆಯಾಗದಿದ್ದರೂ ಬೇರೆ ದಾರಿಯಲ್ಲಿ ದುಡ್ಡು ಕೊಡಲು ಅವಕಾಶ ಇಟ್ಟಿದ್ದರು. ಜನರಿಗೆ ಸುಲಭವಾಗಲಿ ಎಂಬುದು ಅಲ್ಲಿನ ಯೋಜನೆಯ ಒಳಗೇ ಇತ್ತು.

ಮತ್ತೆ ಪಡಿತರದಲ್ಲಿ ದೊಡ್ಡ ಕಳ್ಳತನ ನಡೆಯುವ ಜಾಗವೇ ಬೇರೆ. 2011-12ರಲ್ಲಿ ದೇಶದ ಪಡಿತರ ಧಾನ್ಯದಲ್ಲಿ ನೂರಕ್ಕೆ ಸುಮಾರು 42 ಭಾಗ ಜನರಿಗೆ ತಲುಪುತ್ತಿರಲಿಲ್ಲ ಎಂದು ಅರ್ಥಶಾಸ್ತ್ರಜ್ಞರಾದ ಜಾನ್ ಡ್ರೀಜ್ ಮತ್ತು ರೀತಿಕಾ ಖೇರಾ ಲೆಕ್ಕ ಹಾಕಿದ್ದರು. 2022-23ರ ಅಂಕಿ ಇಟ್ಟುಕೊಂಡು ಇಕ್ರಿಯರ್ ಎಂಬ ಆರ್ಥಿಕ ಸಂಶೋಧನಾ ಸಂಸ್ಥೆ ಮಾಡಿದ ಅಂದಾಜು ಸುಮಾರು 28. ಇಳಿದಿದೆ, ಸಂತೋಷ. ಆದರೂ ಕಾಲು ಭಾಗಕ್ಕಿಂತ ಜಾಸ್ತಿ ಇನ್ನೂ ಸೋರುತ್ತಿದೆ. ಗೋದಾಮಿನಿಂದ ಹೊರಟ ಲಾರಿ ದಾರಿಯಲ್ಲೇ ಮಿಲ್‌ಗೆ ತಿರುಗುವುದು, ಅಂಗಡಿಯಲ್ಲಿ ಐದು ಕಿಲೋ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು ನಾಲ್ಕೂವರೆ ತೂಗುವುದು, ಈ ತಿಂಗಳು ಸ್ಟಾಕ್ ಬಂದಿಲ್ಲ ಎನ್ನುವುದು. ಇದನ್ನೆಲ್ಲ ಅಜ್ಜಿಯ ಬೆರಳಚ್ಚು ಹೇಗೆ ತಡೆಯುತ್ತದೆ ಹೇಳಿ. ಅಜ್ಜಿ ಬೆರಳು ಒತ್ತಿದ ಮೇಲೆ ಐದು ಕಿಲೋ ಕೊಟ್ಟಾಯಿತು ಎಂದೇ ದಾಖಲೆ. ತಪಾಸಣೆಗೆ ಖರ್ಚು ಮಾಡುವ ಶ್ರಮದಲ್ಲಿ ಅರ್ಧವನ್ನಾದರೂ ತಕ್ಕಡಿ ಮತ್ತು ಲಾರಿಯ ಕಡೆ ತಿರುಗಿಸಿದರೆ ಬರುವ ಫಲ ಬಹಳ ಜಾಸ್ತಿ ಎಂದು ನನ್ನ ಅನುಭವದಿಂದ ಹೇಳಬಲ್ಲೆ.

ಉಳಿತಾಯದ ಗುರಿಯನ್ನು ಮೊದಲೇ ಬಜೆಟ್‌ನಲ್ಲಿ ಬರೆದುಕೊಂಡು ಆಮೇಲೆ ಮೋಸಗಾರರನ್ನು ಹುಡುಕಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಉದಾಹರಣೆ ಇದೆ. 2015ರ ಬಜೆಟ್‌ನಲ್ಲಿ ಅಲ್ಲಿನ ಸರ್ಕಾರ ಭತ್ಯೆ ಪಡೆಯುವವರಿಂದ ಹೆಚ್ಚುವರಿ ಹೋದ ದುಡ್ಡು ವಸೂಲಿ ಮಾಡಿ ಐದು ವರ್ಷದಲ್ಲಿ 170 ಕೋಟಿ ಡಾಲರ್ ಉಳಿಸುವುದಾಗಿ ಹೇಳಿತು. ಕಂಪ್ಯೂಟರ್ ಒಬ್ಬರ ವರ್ಷದ ಆದಾಯವನ್ನು ಹದಿನೈದು ದಿನಕ್ಕೊಂದರಂತೆ ಸಮನಾಗಿ ಹಂಚಿತು. ಆರು ತಿಂಗಳು ಕೆಲಸ ಇದ್ದು ಆರು ತಿಂಗಳು ಇಲ್ಲದವರೂ ವರ್ಷಪೂರ್ತಿ ಸಂಪಾದಿಸಿದ ಹಾಗೆ ಕಂಡರು. ನೀವು ಇಷ್ಟು ಬಾಕಿ ಕೊಡಬೇಕು ಎಂದು ಲಕ್ಷಾಂತರ ಜನರಿಗೆ ನೋಟಿಸ್ ಹೋಯಿತು. ಜನ ಅದಕ್ಕೆ ರೋಬೋಡೆಟ್ ಎಂದು ಹೆಸರಿಟ್ಟರು. 2019ರ ಕೊನೆಯಲ್ಲಿ ಅದು ಕಾನೂನುಬಾಹಿರ ಎಂದು ಕೋರ್ಟಿನಲ್ಲಿ ತೀರ್ಮಾನವಾಯಿತು. ಸುಮಾರು 176 ಕೋಟಿ ಡಾಲರ್‌ನ ಬಾಕಿಗಳನ್ನು ಸರ್ಕಾರ ಕೈಬಿಡಬೇಕಾಯಿತು, ವಸೂಲಿ ಮಾಡಿದ್ದನ್ನು ವಾಪಸ್ ಕೊಟ್ಟಿತು. 2023ರ ಜುಲೈನಲ್ಲಿ ಇದರ ವಿಚಾರಣೆ ನಡೆಸಿದ ರಾಯಲ್ ಕಮಿಷನ್ ಎಂಬ ತನಿಖಾ ಆಯೋಗದ ವರದಿ ಬಂತು. 2025ರಲ್ಲಿ ಸರ್ಕಾರ ಮತ್ತೆ 47.5 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಉಳಿಸಲು ಹೋದದ್ದಕ್ಕಿಂತ ಕೈಬಿಟ್ಟದ್ದೇ ಜಾಸ್ತಿಯಾಯಿತು. ನೋಟಿಸ್‌ನ ಭಯದಲ್ಲಿ ಜೀವ ಕಳೆದುಕೊಂಡವರ ಮನೆಯವರು ವಿಚಾರಣೆಯಲ್ಲಿ ಹೇಳಿದ್ದನ್ನು ಓದಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಅಜ್ಜಿಯ ವಿಷಯ.

ಮೊದಲು ನ್ಯಾಯಬೆಲೆ ಅಂಗಡಿಯಲ್ಲಿ ಅಥವಾ ಆಹಾರ ಇಲಾಖೆಯ ವೆಬ್‌ಸೈಟಿನಲ್ಲಿ ಅವರ ಕಾರ್ಡ್ ನಂಬರ್ ಹಾಕಿ ಸ್ಥಿತಿ ನೋಡಿ. ರದ್ದಾಗಿದೆಯೇ, ಎಪಿಎಲ್ ಆಗಿದೆಯೇ, ಇಲ್ಲ ಇ-ಕೆವೈಸಿ ಬಾಕಿ ಎಂದು ತಾತ್ಕಾಲಿಕವಾಗಿ ನಿಂತಿದೆಯೇ ಎಂಬುದು ಮೊದಲು ಗೊತ್ತಾಗಬೇಕು. ಮೂರಕ್ಕೂ ದಾರಿ ಒಂದೇ ಅಲ್ಲ. ಇ-ಕೆವೈಸಿ ಮಾತ್ರ ಬಾಕಿ ಇದ್ದರೆ ಅಂಗಡಿಯಲ್ಲೇ ಆಗುತ್ತದೆ. ಬೆರಳಚ್ಚು ತಾಳೆಯಾಗದಿದ್ದರೆ ಕಣ್ಣಿನ ಪಾಪೆ ಅಥವಾ ಮೊಬೈಲ್ ಒಟಿಪಿಯಿಂದ ಮಾಡಿ ಎಂದು ಕೇಳಿ. ಅದಕ್ಕೂ ಮೊದಲು ಆಧಾರ್‌ಗೆ ಈಗ ಬಳಸುತ್ತಿರುವ ಮೊಬೈಲ್ ನಂಬರ್ ಸೇರಿಸಿದೆಯೇ ನೋಡಿಕೊಳ್ಳಿ. ವಯಸ್ಸಾದವರ ವಿಷಯದಲ್ಲಿ ಅರ್ಧ ತೊಂದರೆ ಅಲ್ಲೇ ಇರುತ್ತದೆ.

ಕಾರ್ಡ್ ರದ್ದಾಗಿದ್ದರೆ ಅಥವಾ ಎಪಿಎಲ್ ಆಗಿದ್ದರೆ ತಾಲ್ಲೂಕಿನ ಆಹಾರ ಶಾಖೆಗೆ ಲಿಖಿತ ಅರ್ಜಿ ಕೊಡಿ. ಬಾಯಿಮಾತಿನಲ್ಲಿ ಕೇಳಿ ವಾಪಸ್ ಬರಬೇಡಿ. ರದ್ದು ಮಾಡಿದ ಕಾರಣ ಏನು, ನೋಟಿಸ್ ಯಾವಾಗ ಕೊಟ್ಟಿರಿ ಎಂದು ಅರ್ಜಿಯಲ್ಲೇ ಕೇಳಿ. ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಆಧಾರ್ ಜೋಡಣೆಯಾಗಿಲ್ಲ ಎಂಬ ಒಂದೇ ಕಾರಣಕ್ಕೆ ಯಾರ ಹೆಸರನ್ನೂ ತೆಗೆಯಬಾರದು, ಧಾನ್ಯ ನಿರಾಕರಿಸಬಾರದು ಎಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದು ಎಲ್ಲ ರಾಜ್ಯಗಳಿಗೂ ಪತ್ರ ಬರೆದಿದೆ. ಅದನ್ನು ಅರ್ಜಿಯಲ್ಲಿ ಬರೆಯಿರಿ. ಅಲ್ಲಿ ಆಗದಿದ್ದರೆ ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲೆಗೆ ಒಬ್ಬರು ಕುಂದುಕೊರತೆ ನಿವಾರಣಾ ಅಧಿಕಾರಿ ಇರುತ್ತಾರೆ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇದೆ. 1967 ಸಹಾಯವಾಣಿಗೂ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಳ್ಳಿ. ಅರ್ಹರಿಗೆ ಧಾನ್ಯ ಕೊಡದಿದ್ದರೆ ಅದರ ಬದಲು ಭತ್ಯೆ ಕೊಡಬೇಕು ಎಂದು ಅದೇ ಕಾಯ್ದೆಯ 8ನೇ ಕಲಂ ಹೇಳುತ್ತದೆ. ನಿಂತುಹೋದ ಎರಡು ತಿಂಗಳದ್ದನ್ನೂ ಕೇಳಿ. ಸಿಗುವುದು ಸುಲಭವಲ್ಲ, ಆದರೂ ಕೇಳಿ. ಕೇಳಿದ ದಾಖಲೆ ಇದ್ದರೆ ನಾಳೆ ಲೆಕ್ಕ ತಪಾಸಣೆಗೆ ಬರುವವರ ಕಣ್ಣಿಗೆ ಅದು ಬೀಳುತ್ತದೆ. ನನ್ನ ಅತ್ತೆಯ ವಿಷಯದಲ್ಲಿ ನಾವು ಬಾಯಿಮಾತಿನಲ್ಲೇ ಓಡಾಡಿ ಆ ದಾಖಲೆ ಮಾಡಿಕೊಳ್ಳಲಿಲ್ಲ.

ಕಾರು, ತೋಟ ಇರುವವರ ಬಗ್ಗೆ: ನ್ಯಾಯಬೆಲೆ ಅಂಗಡಿ ಮಟ್ಟದಲ್ಲಿ ಜಾಗೃತಿ ಸಮಿತಿ ಇರಬೇಕು, ಫಲಾನುಭವಿಗಳ ಪಟ್ಟಿ ಎಲ್ಲರಿಗೂ ಕಾಣುವಂತಿರಬೇಕು ಎಂದು ಕಾಯ್ದೆಯಲ್ಲಿದೆ. ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ಜೋರಾಗಿ ಓದಿಸಿ. ಆದರೆ ಅಜ್ಜಿಯ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದ ಮೇಲೆ ಆ ಕೆಲಸಕ್ಕೆ ಕೈಹಾಕಿ. ನಾಳೆ ಕಚೇರಿ ತೆರೆದಿದ್ದರೆ ಅವರನ್ನು ಬಸ್ ಹತ್ತಿಸಬೇಡಿ, ಅವರ ಸಹಿ ಮಾಡಿಸಿಕೊಂಡು ನೀವೇ ಹೋಗಿಬನ್ನಿ.